ಎಲ್‌ಜಿಬಿಟಿಕ್ಯೂ ಫೆಲೋಶಿಪ್ ಎಂದರೇನು? ಡೊಂಬಿವಲಿಯ ಒಬ್ಬ ತಾಯಿ ಕೇಳಿದ ಪ್ರಶ್ನೆಗಳು

ಕಳೆದ ಮಳೆಗಾಲದ ಒಂದು ಭಾನುವಾರ ಡೊಂಬಿವಲಿ ಪೂರ್ವದ ಒಂದು ಮನೆಗೆ ಹೋಗಿದ್ದೆ. ಉಡುಪಿ ಕಡೆಯ ಕುಟುಂಬ. ಮನೆಯ ಯಜಮಾನರು ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತು ಈಗ ನಿವೃತ್ತರು. ಮಗಳು ತನಗೆ ಹುಡುಗಿಯರ ಮೇಲೆ ಒಲವು ಎಂದು ಮನೆಯಲ್ಲಿ ಹೇಳಿ ಎರಡು ವರ್ಷವಾಗಿತ್ತು. ಮೊದಲ ವರ್ಷ ಮಾತೇ ನಿಂತಿತ್ತಂತೆ, ಈಗ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ಅಷ್ಟರಲ್ಲಿ ಅವಳು ಕಂಪನಿಯ ಕೆಲಸ ಬಿಟ್ಟು ಒಂದು ವರ್ಷದ ಫೆಲೋಶಿಪ್‌ಗೆ ಸೇರುತ್ತೇನೆ ಎಂದು ಪತ್ರ ತಂದಿಟ್ಟಿದ್ದಳು. ಪತ್ರೊಡೆ ತಟ್ಟೆಯ ಪಕ್ಕ ಆ ಪತ್ರವನ್ನು ನನ್ನತ್ತ ಸರಿಸಿ ಅವಳ ಅಮ್ಮ ಕೇಳಿದರು: "ಇದು ಕೆಲಸವಾ, ಕೋರ್ಸಾ, ಅಲ್ಲ ಚಳವಳಿಯಾ? ದುಡ್ಡು ಕೊಡುವವರು ಯಾರು? ವರ್ಷ ಕಳೆದ ಮೇಲೆ ಎಂತ?"

ಇಂಥ ಕಾರ್ಯಕ್ರಮಗಳನ್ನು ನಡೆಸುವ ತಂಡಗಳಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ. ಈ ಮೂರು ಪ್ರಶ್ನೆ ಈಚೆಗೆ ಠಾಣೆಯಲ್ಲೂ ಮೀರಾ ರೋಡಿನಲ್ಲೂ ಕೇಳಿಬರುತ್ತಿದೆ, ಕನ್ನಡ ಮನೆಗಳಲ್ಲೇ. ಕಾಲೇಜು ಮುಗಿಸಿದ ಮಕ್ಕಳು ಅರ್ಜಿ ತುಂಬುತ್ತಿದ್ದಾರೆ, ಮನೆಯವರಿಗೆ ಅದರ ತಲೆಬುಡ ತಿಳಿಯುತ್ತಿಲ್ಲ. ಆ ಅಮ್ಮನಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಅಕ್ಷರಗಳ ಅರ್ಥ

ಎಲ್ ಎಂದರೆ ಲೆಸ್ಬಿಯನ್, ಹೆಣ್ಣಿನ ಮೇಲೆ ಒಲವಿರುವ ಹೆಣ್ಣು. ಜಿ ಎಂದರೆ ಗೇ, ಗಂಡಿನ ಮೇಲೆ ಒಲವಿರುವ ಗಂಡು. ಬಿ ಎಂದರೆ ಬೈಸೆಕ್ಷುವಲ್, ಇಬ್ಬರ ಮೇಲೂ ಒಲವು ಮೂಡಬಲ್ಲವರು. ಟಿ ಎಂದರೆ ಟ್ರಾನ್ಸ್‌ಜೆಂಡರ್: ಹುಟ್ಟಿದಾಗ ಆಸ್ಪತ್ರೆಯವರು ಬರೆದ ಲಿಂಗ ಒಂದು, ತನ್ನೊಳಗೆ ತಾನು ಅರಿತದ್ದು ಇನ್ನೊಂದು. ಕ್ಯೂ ಅಂದರೆ ಕ್ವಿಯರ್, ಇವರೆಲ್ಲರ ಮೇಲೆ ಹಾಕಿದ ಒಂದೇ ಚಪ್ಪರದಂಥ ಪದ. ಕನ್ನಡದಲ್ಲಿ ಲೈಂಗಿಕ ಅಲ್ಪಸಂಖ್ಯಾತರು, ಲಿಂಗತ್ವ ಅಲ್ಪಸಂಖ್ಯಾತರು ಎಂಬ ಎರಡು ಪದ ಬಳಕೆಯಲ್ಲಿವೆ. ಮೊದಲನೆಯದು ಯಾರ ಮೇಲೆ ಮನಸ್ಸು ಎನ್ನುವುದಕ್ಕೆ, ಎರಡನೆಯದು ನಾನು ಯಾರು ಎನ್ನುವುದಕ್ಕೆ.

ಉತ್ತರ ಕರ್ನಾಟಕದಿಂದ ಬಂದ ಓದುಗರಿಗೆ ಎರಡನೆಯದು ಹೊಸದೇನಲ್ಲ. ಗಂಡಾಗಿ ಹುಟ್ಟಿ, ಸವದತ್ತಿ ಎಲ್ಲಮ್ಮನಿಗೆ ಮುಡಿಪಾಗಿ ಸೀರೆಯುಡುವ ಜೋಗಪ್ಪ, ಜೋಗತಿಯರನ್ನು ನೋಡಿಯೇ ಬೆಳೆದಿರುತ್ತಾರೆ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಮುಂಬಯಿಯ ಕನ್ನಡಿಗರೂ ಹೆಮ್ಮೆಪಟ್ಟರು.

ಒಲವು ಬೇರೆ, ಗುರುತು ಬೇರೆ ಎಂಬ ಈ ವ್ಯತ್ಯಾಸ ಕಾರ್ಯಕ್ರಮ ನಡೆಸುವವರಿಗೆ ಬಹಳ ಮುಖ್ಯ. ಮನೆಯಲ್ಲಿ ಮದುವೆಗೆ ಒತ್ತಾಯ ಅನುಭವಿಸುತ್ತಿರುವ ಹುಡುಗಿಯ ಅಗತ್ಯವೂ ಬಾಡಿಗೆ ಮನೆ ಸಿಗದ ಟ್ರಾನ್ಸ್ ಮಹಿಳೆಯ ಅಗತ್ಯವೂ ಒಂದೇ ಅಲ್ಲ. ಒಂದೇ ತರಬೇತಿ ಇಬ್ಬರಿಗೂ ಸಾಕು ಎಂದು ಹೊರಟ ಕಾರ್ಯಕ್ರಮ ಇಬ್ಬರಲ್ಲಿ ಒಬ್ಬರನ್ನು ಕೈಬಿಟ್ಟೇ ಬಿಡುತ್ತದೆ.

ಸಂಘಟನೆ ಎಂದರೆ ಯಾವ ಕೆಲಸ?

ಇಂಥ ಫೆಲೋಶಿಪ್‌ನಲ್ಲಿ ಕಲಿಯುವುದು ಸಂಘಟನೆಯ ಕೆಲಸ. ಒಂದು ಚಾಳ್, ಅಂದರೆ ವಠಾರ, ಎಂದುಕೊಳ್ಳಿ. ನಳ್ಳಿಯಲ್ಲಿ ನೀರು ಬರುತ್ತಿಲ್ಲ. ಯಾರೋ ಪುಣ್ಯಾತ್ಮರು ಟ್ಯಾಂಕರ್ ತರಿಸಿ ನೀರು ಕೊಟ್ಟರೆ ಅದು ಸೇವೆ. ಬಲ್ಲವರೊಬ್ಬರು ಮಹಾನಗರಪಾಲಿಕೆಗೆ ಹೋಗಿ ಚಾಳಿನವರ ಪರವಾಗಿ ಮಾತನಾಡಿದರೆ ಅದು ಅಡ್ವೊಕಸಿ, ಅಂದರೆ ಪರವಾಗಿ ವಾದಿಸುವುದು. ಚಾಳಿನ ನಲವತ್ತು ಮನೆಯವರೇ ಕೂತು, ಎಷ್ಟು ದಿನ ನೀರು ಬಂದಿಲ್ಲವೆಂದು ಲೆಕ್ಕ ಬರೆದು, ಯಾರು ಮಾತಾಡುವುದು, ಯಾರು ಕಾಗದಪತ್ರ ಇಟ್ಟುಕೊಳ್ಳುವುದು, ಒಪ್ಪದಿದ್ದರೆ ಮುಂದೇನು ಎಂದು ತೀರ್ಮಾನಿಸಿ ವಾರ್ಡ್ ಕಚೇರಿಗೆ ಹೋದರೆ ಅದು ಸಂಘಟನೆ. ಮೂರರಿಂದಲೂ ನೀರು ಬರಬಹುದು. ಆದರೆ ಮೂರನೆಯದರಲ್ಲಿ ನೀರಿನ ಜತೆ ಇನ್ನೊಂದು ಉಳಿಯುತ್ತದೆ. ನಾಳೆ ಗಟಾರ ಕಟ್ಟಿಕೊಂಡರೆ ಏನು ಮಾಡಬೇಕೆಂದು ಆ ನಲವತ್ತು ಮನೆಗೆ ಗೊತ್ತಿರುತ್ತದೆ.

ಕನ್ನಡಿಗರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಊರೂರಲ್ಲಿ ಅಧ್ಯಯನ ಶಿಬಿರ ನಡೆಸಿತು, ಹೋರಾಟದ ಹಾಡು ಕಟ್ಟಿತು. 1980ರಲ್ಲಿ ಹುಟ್ಟಿದ ರೈತ ಸಂಘ ಹಸಿರು ಶಾಲು ಹೊದ್ದವರನ್ನು ಹಳ್ಳಿಹಳ್ಳಿಯಲ್ಲಿ ನಿಲ್ಲಿಸಿತು. ಮುಂಬಯಿಯಲ್ಲಿ ನಮ್ಮವರ ರಾತ್ರಿ ಶಾಲೆಗಳನ್ನೇ ನೋಡಿ: ಹಗಲು ಮೇಜು ಒರೆಸಿದ ಹುಡುಗ ರಾತ್ರಿ ಪಾಠ ಕಲಿತ, ಮುಂದೆ ಅವನೇ ಊರಿಂದ ಬಂದ ಇನ್ನೊಬ್ಬನನ್ನು ಕೈಹಿಡಿದು ಕರೆತಂದ. ಆ ಕೈಹಿಡಿದು ಕರೆತರುವ ಕೆಲಸವೇ ಸಂಘಟನೆಯ ತಿರುಳು.

ಎಲ್‌ಜಿಬಿಟಿಕ್ಯೂ ಜನರಲ್ಲಿ ಇದು ಯಾಕೆ ಹೆಚ್ಚು ಕಷ್ಟ? ಚಾಳಿನವರು ಒಂದೇ ಕಡೆ ಇದ್ದಾರೆ, ಒಬ್ಬರ ಮುಖ ಒಬ್ಬರಿಗೆ ಗೊತ್ತು. ಜಾತಿಯಾಗಲಿ ಭಾಷೆಯಾಗಲಿ ಮನೆಯೊಳಗೇ ಬರುತ್ತದೆ, ಅಪ್ಪ ಅಮ್ಮನೂ ಅದರವರೇ. ಸಲಿಂಗಿ ಹುಡುಗನೊಬ್ಬ ತನ್ನಂಥವರನ್ನು ಮನೆಯ ಹೊರಗೆ ಹುಡುಕಬೇಕು, ಅದೂ ಯಾರಿಗೂ ತಿಳಿಯದಂತೆ. ಮುಂಬಯಿಯಲ್ಲಿ ಈ ಹುಡುಕಾಟಕ್ಕೆ ಒಂದು ಚರಿತ್ರೆಯಿದೆ. 1990ರಲ್ಲಿ ಅಶೋಕ್ ರಾವ್ ಕವಿ 'ಬಾಂಬೆ ದೋಸ್ತ್' ಪತ್ರಿಕೆ ಶುರುಮಾಡಿದರು. 1994ರಲ್ಲಿ ಹಮ್‌ಸಫರ್ ಟ್ರಸ್ಟ್ ಬಂತು. 1995ರಲ್ಲಿ ಹೆಂಗಸರ 'ಸ್ತ್ರೀ ಸಂಗಮ್' ಗುಂಪು ಹುಟ್ಟಿತು. ಫೋನಿನಲ್ಲಿ ಇಂಟರ್‌ನೆಟ್ ಇಲ್ಲದ ಕಾಲದಲ್ಲಿ ಒಂದು ಪತ್ರಿಕೆ, ಒಂದು ಅಂಚೆಪೆಟ್ಟಿಗೆ ಸಂಖ್ಯೆ ಎಷ್ಟು ಜನರನ್ನು ಒಂಟಿತನದಿಂದ ಹೊರಗೆಳೆದಿರಬಹುದು ಎಂದು ನೆನೆದಾಗ ನನಗೆ ಈಗಲೂ ಮನಸ್ಸು ತುಂಬಿಬರುತ್ತದೆ.

ಕಾನೂನು ಬದಲಾಯಿತಲ್ಲ, ಇನ್ನೇನು ಉಳಿದಿದೆ?

ಮನೆಯ ಯಜಮಾನರು ಕೇಳಿದ್ದು ಇದನ್ನು. "ಕೋರ್ಟು ತಪ್ಪಲ್ಲ ಅಂದಿತಲ್ಲ?"

ಹೌದು. ಬ್ರಿಟಿಷರು 1860ರಲ್ಲಿ ಬರೆದ ದಂಡಸಂಹಿತೆಯ 377ನೇ ಕಲಂ ಸಲಿಂಗ ಸಂಬಂಧವನ್ನು ಅಪರಾಧವೆಂದಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದಿತು. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕೊನೆಗೂ ಬಿಡುಗಡೆ ಕೊಟ್ಟಿತು. ನಡುವೆ 2014ರಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಟ್ರಾನ್ಸ್‌ಜೆಂಡರ್ ಜನರ ಗುರುತನ್ನು ಮಾನ್ಯ ಮಾಡಿತು, 2019ರಲ್ಲಿ ಅವರಿಗಾಗಿ ಪ್ರತ್ಯೇಕ ಕಾಯ್ದೆ ಬಂತು. 2023ರ ಅಕ್ಟೋಬರಿನಲ್ಲಿ ಮದುವೆಯ ಹಕ್ಕಿನ ಬೇಡಿಕೆಗೆ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಅದು ಸಂಸತ್ತು ನಿರ್ಧರಿಸಬೇಕಾದ ವಿಷಯ ಎಂದಿತು.

ತೀರ್ಪು ದೆಹಲಿಯಲ್ಲಿ ಬರುತ್ತದೆ, ಬದುಕು ಗಲ್ಲಿಯಲ್ಲಿ ನಡೆಯುತ್ತದೆ. ಒಂದೇ ಉದಾಹರಣೆ ಕೊಡುತ್ತೇನೆ. 2024ರ ಆಗಸ್ಟ್ 28ರಂದು ಕೇಂದ್ರ ಹಣಕಾಸು ಸಚಿವಾಲಯ ಒಂದು ಸ್ಪಷ್ಟೀಕರಣ ಹೊರಡಿಸಿತು: ಎಲ್‌ಜಿಬಿಟಿಕ್ಯೂ ಜನರು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ನಿರ್ಬಂಧವೂ ಇಲ್ಲ. ಒಳ್ಳೆಯದೇ. ಆದರೆ ನಾಲಾಸೋಪಾರಾದ ಒಂದು ಶಾಖೆಯ ಕೌಂಟರಿನಲ್ಲಿ ಕೂತವರಿಗೆ ಇದು ಗೊತ್ತೇ? ಇಬ್ಬರು ಹುಡುಗಿಯರು ಅರ್ಜಿ ಹಿಡಿದು ಹೋದರೆ "ನಿಮ್ಮ ಸಂಬಂಧ ಏನು?" ಎಂದು ಇಡೀ ಕ್ಯೂಗೆ ಕೇಳುವಂತೆ ಕೇಳುವುದಿಲ್ಲವೇ? ಸುತ್ತೋಲೆಗೂ ಕೌಂಟರಿಗೂ ನಡುವಿನ ಈ ದೂರವನ್ನು ನಡೆಯುವ ಜನ ಬೇಕು. ಫೆಲೋಗಳು, ಅಂದರೆ ಫೆಲೋಶಿಪ್‌ಗೆ ಸೇರಿದವರು, ಮಾಡುವ ಕೆಲಸದಲ್ಲಿ ದೊಡ್ಡ ಪಾಲು ಇದೇ.

ಹಾಗಾದರೆ ಫೆಲೋಶಿಪ್ ಯಾಕೆ?

ಇಂಥ ಕೆಲಸಕ್ಕೆ ಸಮಯ ಬೇಕು, ಮುಂಬಯಿಯಲ್ಲಿ ಸಮಯಕ್ಕೆ ಬಾಡಿಗೆಯ ಲೆಕ್ಕದಲ್ಲೇ ಬೆಲೆ. ಬಿಡುವಿನ ವೇಳೆಯಲ್ಲಿ ಹೋರಾಟ ಮಾಡಿ ಎಂದರೆ ಬಿಡುವು ಇರುವವರು ಮಾತ್ರ ಬರುತ್ತಾರೆ: ಇಂಗ್ಲಿಷ್ ಬಲ್ಲವರು, ದಕ್ಷಿಣ ಮುಂಬಯಿಯಲ್ಲೋ ಬಾಂದ್ರಾದಲ್ಲೋ ಸ್ವಂತ ಮನೆಯಿರುವವರು. ಸೋಲಾಪುರದಿಂದ ಬಂದು ಭಿವಂಡಿಯ ಗೋದಾಮಿನಲ್ಲಿ ಪಾಳಿ ಕೆಲಸ ಮಾಡುವ ಹುಡುಗ ಬರುವುದಿಲ್ಲ. ಫೆಲೋಶಿಪ್ ಎಂದರೆ ಅಂಥವರಿಗೆ ಆರು ತಿಂಗಳೋ ಒಂದು ವರ್ಷವೋ ತಿಂಗಳ ಖರ್ಚಿಗೆ ಹಣ, ತರಬೇತಿ, ಅನುಭವಸ್ಥರೊಬ್ಬರ ಮಾರ್ಗದರ್ಶನ, ತಮ್ಮ ಊರಿನಲ್ಲೋ ವಾರ್ಡಿನಲ್ಲೋ ಒಂದು ಕೆಲಸ ಕೈಗೆತ್ತಿಕೊಳ್ಳಲು ಸಣ್ಣ ನಿಧಿ. ತಿಂಗಳ ಹಣವನ್ನು ಸ್ಟೈಪೆಂಡ್ ಎನ್ನುತ್ತಾರೆ. ಸಂಬಳದಂತೆ ಇದಕ್ಕೆ ಪಿಎಫ್ ಸಾಮಾನ್ಯವಾಗಿ ಇರುವುದಿಲ್ಲ. ಪ್ರಶಸ್ತಿಯಂತೆ ಒಮ್ಮೆ ಕೊಟ್ಟು ಮುಗಿಸುವುದೂ ಅಲ್ಲ.

ಅಮ್ಮನ ಮೊದಲ ಪ್ರಶ್ನೆಗೆ ಆದ್ದರಿಂದ ಉತ್ತರ: ಇದು ಕೆಲಸವೂ ಹೌದು, ಕಲಿಕೆಯೂ ಹೌದು. ಹಳೆಯ ಕಾಲದಲ್ಲಿ ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ತಿರುಗಾಟದಲ್ಲೇ ಊಟ, ಒಂದಿಷ್ಟು ಕಾಸು ಪಡೆಯುತ್ತ ಕೋಡಂಗಿ ವೇಷದಿಂದ ಶುರುಮಾಡಿ ಕಲಿಯುತ್ತಿದ್ದನಲ್ಲ, ಆ ರೀತಿಯದು.

ಆಯ್ಕೆ

ಅರ್ಜಿ ನಮೂನೆಯಲ್ಲೇ ಕಾರ್ಯಕ್ರಮದ ಗುಣ ಕಾಣುತ್ತದೆ. ಇಂಗ್ಲಿಷಿನಲ್ಲಿ ಸಾವಿರ ಪದದ ಪ್ರಬಂಧ ಕೇಳಿದರೆ ಬರುವವರು ಯಾರೆಂದು ಮೊದಲೇ ತೀರ್ಮಾನವಾದಂತೆ. ಮರಾಠಿ, ಹಿಂದಿ, ಕನ್ನಡದಲ್ಲಿ ಬರೆಯಬಹುದು, ಬರೆಯಲಾಗದಿದ್ದರೆ ವಾಯ್ಸ್ ಮೆಸೇಜ್ ಕಳಿಸಬಹುದು ಎಂದಾಗ ಬರುವ ಅರ್ಜಿಗಳೇ ಬೇರೆ. ಒಮ್ಮೆ ಅಕ್ಕಲಕೋಟೆ ಕಡೆಯಿಂದ ಬಂದ ನಾಲ್ಕು ನಿಮಿಷದ ಧ್ವನಿಮುದ್ರಿಕೆ ಕೇಳಿದ್ದೆ. ಅರ್ಧ ಕನ್ನಡ, ಅರ್ಧ ಮರಾಠಿ, ಹಿಂದೆ ಎಮ್ಮೆ ಕೂಗುವ ಸದ್ದು. ಸಂತೆಯ ದಿನ ಯಾವ ಯಾವ ಅಂಗಡಿಯವರು ಜೋಗಪ್ಪಂದಿರಿಗೆ ಕೂರಲು ಜಾಗ ಕೊಡುತ್ತಾರೆ, ಯಾರು ಅಟ್ಟುತ್ತಾರೆ ಎಂದು ಆತ ಹೆಸರು ಹೆಸರಾಗಿ ಹೇಳಿದ್ದ. ಸಂಘಟಕನಾಗಲು ಬೇಕಾದ ಮೊದಲ ಗುಣ ಅದೇ, ಸುತ್ತಲಿನವರನ್ನು ಅಷ್ಟು ಗಮನವಿಟ್ಟು ನೋಡಿರುವುದು.

ವಯಸ್ಸು 18 ದಾಟಿರಬೇಕು, ಇದರಲ್ಲಿ ರಾಜಿ ಇಲ್ಲ.

ವರ್ಷ ಹೇಗೆ ಸಾಗುತ್ತದೆ?

ಮೊದಲ ಕೆಲವು ವಾರ ಕಾನೂನು, ದಾಖಲೆ ಬರೆಯುವುದು, ಪೊಲೀಸರ ಜತೆ ಮಾತನಾಡುವ ಬಗೆ, ಮಾಹಿತಿ ಹಕ್ಕಿನ ಅರ್ಜಿ ಇತ್ಯಾದಿ. ಇದನ್ನು ಯಾರಾದರೂ ಕಲಿಸಬಹುದು. ಕಷ್ಟದ್ದು ಮುಂದಿನದು: ಒಬ್ಬರ ಜತೆ ಒಬ್ಬರಾಗಿ ಕೂತು ಮಾತನಾಡುವುದು.

ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲಿನ ಮೂಲೆಯ ಮೇಜು, ಎರಡು ಕಾಫಿ, ನಲವತ್ತು ನಿಮಿಷ. ಅದರಲ್ಲಿ ಮೂವತ್ತು ನಿಮಿಷ ಫೆಲೋ ಬಾಯಿ ಮುಚ್ಚಿ ಕೇಳಿಸಿಕೊಳ್ಳಬೇಕು. ಪೆನ್ನು ತೆಗೆಯಬಾರದು, ಫೋನು ಮೇಜಿನ ಮೇಲೆ ಇಡಬಾರದು. ಎದುರಿನವರಿಗೆ ಏನು ಬೇಕು, ಯಾವುದಕ್ಕೆ ಹೆದರುತ್ತಾರೆ, ಯಾರ ಮಾತು ಕೇಳುತ್ತಾರೆ, ಇಷ್ಟು ತಿಳಿದರೆ ಸಾಕು. ಸಹಾಯ ಮಾಡುತ್ತೇನೆ ಎಂಬ ಭರವಸೆ ಕೊಡಬಾರದು, ಸಣ್ಣದೊಂದು ಕೆಲಸ ಕೇಳಬೇಕು: "ಮುಂದಿನ ವಾರ ಇನ್ನೊಬ್ಬರನ್ನು ಕರೆದುಕೊಂಡು ಬರ್ತೀರಾ?" ಸಹಾಯ ಪಡೆದವರು ಒಮ್ಮೊಮ್ಮೆ ಮರಳಿ ಬರುವುದಿಲ್ಲ, ಆದರೆ ಒಂದು ಜವಾಬ್ದಾರಿ ಹೊತ್ತವರು ಖಂಡಿತ ಬರುತ್ತಾರೆ. ಇದು ನಾನು ಕಣ್ಣಾರೆ ಕಂಡದ್ದು.

ಆಮೇಲೆ ನಕ್ಷೆ. ಗೋಡೆಗೆ ಖಾಕಿ ಕಾಗದ ಅಂಟಿಸಿ ಫೆಲೋಗಳು ತಮ್ಮ ಪ್ರದೇಶ ಬಿಡಿಸುತ್ತಾರೆ. ಭಯವಿರುವ ಕಡೆ ಕೆಂಪು ಬಿಂದಿ, ನಂಬಿಕೆಯಿರುವ ಕಡೆ ಹಸಿರು. ಒಂದು ತಂಡದ ನಕ್ಷೆಯಲ್ಲಿ ಸ್ಟೇಷನ್ ಸುತ್ತ ಎಲ್ಲ ಕೆಂಪು. ನಡುವೆ ಒಂದು ಝೆರಾಕ್ಸ್ ಅಂಗಡಿಗೆ ಮಾತ್ರ ನಾಲ್ಕು ಹಸಿರು ಬಿಂದಿ ಬಿದ್ದಿದ್ದವು. ಯಾಕೆಂದು ಕೇಳಿದರೆ, ಆ ಅಂಗಡಿಯವರು ಯಾರ ಕಾಗದವನ್ನೂ ಓದದೆ ಪ್ರತಿ ತೆಗೆದು ತಿರುಗಿಸಿ ಕೊಡುತ್ತಾರೆ ಎಂದರು. ಹೆಸರು, ಲಿಂಗ ಬದಲಾಯಿಸಲು ಆಧಾರ್, ಪ್ಯಾನ್, ಅಫಿಡವಿಟ್ ಹಿಡಿದು ಅಲೆಯುವವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಆ ಅಂಗಡಿಯೇ ಮುಂದೆ ಅವರ ಭೇಟಿಯ ಜಾಗವಾಯಿತು.

ಮೂರನೆಯದು ಮಾತು. ಕ್ಯಾಲಿಫೋರ್ನಿಯಾದ ಕೃಷಿ ಕಾರ್ಮಿಕರ ಸಂಘದಲ್ಲಿ 16 ವರ್ಷ ದುಡಿದು ಆಮೇಲೆ ಹಾರ್ವರ್ಡ್‌ನಲ್ಲಿ ಕಲಿಸಿದ ಮಾರ್ಷಲ್ ಗ್ಯಾಂಜ್ ಎಂಬುವರ ಒಂದು ವಿಧಾನವನ್ನು ಜಗತ್ತಿನ ಅನೇಕ ಕಡೆ ಬಳಸುತ್ತಾರೆ: ಮೊದಲು ನನ್ನ ಕಥೆ, ನಂತರ ನಮ್ಮ ಕಥೆ, ಕೊನೆಗೆ ಈಗಲೇ ಏನು ಮಾಡಬೇಕು ಎಂಬ ಕಥೆ. ವಿಧಾನ ಒಳ್ಳೆಯದು. ಆದರೆ ಇಲ್ಲಿ ಒಂದು ಎಚ್ಚರ ಬೇಕು. ಮನೆಯಿಂದ ಹೊರಹಾಕಿದ್ದು, ಹೊಡೆತ ತಿಂದದ್ದು ಇವನ್ನೇ ಪ್ರತಿ ವೇದಿಕೆಯಲ್ಲೂ ಹೇಳಿಸುವ ಕಾರ್ಯಕ್ರಮಗಳಿವೆ, ದಾನಿಗಳ ಮುಂದಂತೂ ಇನ್ನೂ ಹೆಚ್ಚು. ಏನು ಹೇಳಬೇಕು, ಏನು ತನ್ನಲ್ಲೇ ಇಟ್ಟುಕೊಳ್ಳಬೇಕು ಎಂಬುದು ಫೆಲೋನ ಹಕ್ಕು. ಅದನ್ನು ಮೊದಲ ದಿನವೇ ಹೇಳಬೇಕು.

ವರ್ಷದ ಉತ್ತರಾರ್ಧದಲ್ಲಿ ಅಭಿಯಾನ. ಇದರ ಸೂತ್ರ ಸರಳ: ಖಚಿತವಾದ ಒಂದು ಬೇಡಿಕೆ, ಅದನ್ನು ಕೊಡುವ ಅಧಿಕಾರವಿರುವ ಒಬ್ಬ ವ್ಯಕ್ತಿ, ಒಂದು ಗಡುವು. "ಸಮಾಜ ಬದಲಾಗಬೇಕು" ಎಂಬುದು ಬೇಡಿಕೆಯಲ್ಲ, ಅದಕ್ಕೆ ಉತ್ತರ ಕೊಡಬೇಕಾದ ಅಧಿಕಾರಿ ಇಲ್ಲ. "ನಮ್ಮ ವಾರ್ಡಿನ ಆರು ಬ್ಯಾಂಕ್ ಶಾಖೆಗಳಲ್ಲಿ ಆಗಸ್ಟ್ 28ರ ಸ್ಪಷ್ಟೀಕರಣವನ್ನು ಸೂಚನಾಫಲಕದಲ್ಲಿ ಹಾಕಬೇಕು" ಎಂಬುದು ಬೇಡಿಕೆ. ಪ್ರತಿ ಹಿಡಿದು ಶಾಖೆಗೆ ಹೋಗುವುದು, ಯಾರು ಏನೆಂದರು ಎಂದು ಬರೆದಿಡುವುದು, ಒಪ್ಪದವರ ಬಗ್ಗೆ ವಲಯ ಕಚೇರಿಗೆ ಪತ್ರ, ಒಪ್ಪಿದವರಿಗೆ ಧನ್ಯವಾದದ ಪತ್ರ. ಎರಡನೇ ಪತ್ರವನ್ನು ಮರೆಯುವವರು ಬಹಳ.

ಹೆಸರು ಕಾಯುವುದು

ಈ ಕೆಲಸದಲ್ಲಿ ಅತಿ ದೊಡ್ಡ ಅಪಾಯ ಯಾವುದು ಎಂದರೆ ಹೊರಗಿನವರು ಪೊಲೀಸರನ್ನೋ ಪುಂಡರನ್ನೋ ಹೆಸರಿಸುತ್ತಾರೆ. ನಾನು ಹಾಜರಿ ಪುಸ್ತಕ ಎನ್ನುತ್ತೇನೆ.

ನಾನು ನಿಭಾಯಿಸುತ್ತಿದ್ದ ಒಂದು ತಂಡದಲ್ಲಿ, ತರಬೇತಿಯ ಕೊನೆಯ ದಿನ ಎಲ್ಲರೂ ನಿಂತು ಫೋಟೊ ತೆಗೆಸಿಕೊಂಡರು. ಒಬ್ಬ ಹುಡುಗ ಹಿಂದಿನ ಸಾಲಿನಲ್ಲಿ ಅರ್ಧ ಮುಖ ಮಾತ್ರ ಕಾಣುವಂತೆ ನಿಂತಿದ್ದ. ಚಿತ್ರ ತಂಡದ ವಾಟ್ಸ್‌ಆ್ಯಪ್ ಗುಂಪಿಗೆ ಮಾತ್ರ ಹೋಗಬೇಕಿತ್ತು. ಯಾರೋ ಸಂತೋಷದಿಂದ ಸ್ಟೇಟಸ್‌ಗೆ ಹಾಕಿದರು. ಹಿಂದಿದ್ದ ಬ್ಯಾನರಿನಲ್ಲಿ ಕಾರ್ಯಕ್ರಮದ ಹೆಸರು ದೊಡ್ಡದಾಗಿತ್ತು. ಎರಡು ದಿನದಲ್ಲಿ ಅದು ಅವನ ಚಿಕ್ಕಪ್ಪನ ಮಗನ ಫೋನಿಗೆ, ಅಲ್ಲಿಂದ ಊರಿಗೆ ಹೋಯಿತು. ತಾನೇ ಸಮಯ ನೋಡಿ ಅಮ್ಮನಿಗೆ ಹೇಳಬೇಕೆಂದಿದ್ದ ಮಾತನ್ನು ಬೇರೆಯವರು ಹೇಳಿಬಿಟ್ಟರು. ಫೋಟೊ ತೆಗೆಯಲು ಒಪ್ಪಿದವಳು ನಾನು. ಆ ತಪ್ಪು ನನ್ನದು, ಅದನ್ನು ಇಂದಿಗೂ ಹೊತ್ತಿದ್ದೇನೆ.

ಅಂದಿನಿಂದ ನಮ್ಮಲ್ಲಿ ನಿಯಮಗಳು ಬಿಗಿಯಾದವು. ಬ್ಯಾನರ್ ಇರುವ ಕೋಣೆಯಲ್ಲಿ ಗುಂಪು ಚಿತ್ರವಿಲ್ಲ. ಹಾಜರಿಯಲ್ಲಿ ಕರೆಯುವ ಹೆಸರು ಮಾತ್ರ, ಪೂರ್ತಿ ಹೆಸರು ಮತ್ತು ಬ್ಯಾಂಕ್ ವಿವರ ಇಬ್ಬರಿಗೆ ಮಾತ್ರ ತೆರೆಯುವ ಕಡತದಲ್ಲಿ. ದಾನಿಗಳಿಗೆ ಹೋಗುವ ವರದಿಯಲ್ಲಿ ಊರಿನ ಹೆಸರಿಲ್ಲ, ಜಿಲ್ಲೆ ಮಾತ್ರ. ಮನೆಗೆ ಹೋಗುವ ಲಕೋಟೆಯ ಮೇಲೆ ಕಾರ್ಯಕ್ರಮದ ಹೆಸರು ಅಚ್ಚಾಗಿರಬಾರದು. ಒಪ್ಪಿಗೆಯನ್ನು ಪ್ರತಿ ಬಾರಿ ಹೊಸದಾಗಿ ಕೇಳಬೇಕು, ಹೋದ ವರ್ಷ ಹೂಂ ಅಂದವರು ಈ ವರ್ಷ ಬೇಡ ಅನ್ನಬಹುದು.

ಇದು ಬರಿಯ ಸಂಕೋಚವೂ ಅಲ್ಲ. 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಪುಟ್ಟಸ್ವಾಮಿ ಪ್ರಕರಣದ ತೀರ್ಪು, ಲೈಂಗಿಕ ಒಲವೂ ಆ ಖಾಸಗಿತನದ ಭಾಗ ಎಂದು ಹೇಳಿದೆ. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣೆಗೆ ಪ್ರತ್ಯೇಕ ಕಾಯ್ದೆಯೂ ಬಂದಿದೆ.

ದುಡ್ಡು ಎಲ್ಲಿಂದ ಬರುತ್ತದೆ?

ಮೂರು ಮೂಲ: ಭಾರತೀಯ ದಾನಿಗಳು, ಕಂಪನಿಗಳು, ವಿದೇಶಿ ಪ್ರತಿಷ್ಠಾನಗಳು.

ಕಂಪನಿಗಳ ಹಣ ಬರುವುದು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ದಾರಿಯಲ್ಲಿ. 2013ರ ಕಂಪನಿ ಕಾಯ್ದೆಯಂತೆ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇದರಲ್ಲಿ ಯಾವುದೊಂದನ್ನು ಮುಟ್ಟಿದ ಕಂಪನಿಯೂ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಕಂಪನಿಗಳಿಗೆ ಹೊಲಿಗೆ ತರಬೇತಿ, ಆರೋಗ್ಯ ಶಿಬಿರ ಇಷ್ಟ, ಎಣಿಸಿ ತೋರಿಸಬಹುದು. ಸಂಘಟನೆಗೆ ಹಣ ಕೇಳಿದರೆ ಹಿಂದೇಟು ಹಾಕುತ್ತಾರೆ.

ವಿದೇಶಿ ಹಣದ ಬಗ್ಗೆ ಮನೆಗಳಲ್ಲಿ ಅನುಮಾನ ಹೆಚ್ಚು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಫ್‌ಸಿಆರ್‌ಎ ಎಂಬ 2010ರ ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯದ ಅನುಮತಿಯಿಲ್ಲದೆ ಯಾವ ಸಂಸ್ಥೆಯೂ ವಿದೇಶಿ ದೇಣಿಗೆ ಪಡೆಯುವಂತಿಲ್ಲ. ಪ್ರತಿ ವರ್ಷ ಲೆಕ್ಕ ಸಲ್ಲಿಸಬೇಕು. 2020ರ ಸೆಪ್ಟೆಂಬರಿನಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ವಿದೇಶಿ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ಖರ್ಚಿನ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಮೊದಲೆಲ್ಲ ಮುಂಬಯಿಯ ದೊಡ್ಡ ಸಂಸ್ಥೆಯೊಂದು ಹಣ ಪಡೆದು ಸಾಂಗ್ಲಿ, ಸೋಲಾಪುರದ ಸಣ್ಣ ಗುಂಪಿಗೆ ಹಂಚಬಹುದಿತ್ತು. ಈಗ ಆ ಕಾಲುವೆ ಮುಚ್ಚಿದೆ, ಹಣ ಪಡೆದವರೇ ಕಾರ್ಯಕ್ರಮವನ್ನೂ ನಡೆಸಬೇಕು. ಕಚೇರಿ ಬಾಡಿಗೆ, ಲೆಕ್ಕಿಗರ ಸಂಬಳ ಎಲ್ಲ ಆ ಶೇ. 20ರೊಳಗೆ ಹೊಂದಬೇಕಾದ್ದರಿಂದ ಕಾರ್ಯಕ್ರಮ ನಿಭಾಯಿಸುವವರ ಸಂಖ್ಯೆಯೂ ಕಡಿಮೆ.

ಇದರ ಬಿಸಿ ಫೆಲೋಗೆ ಹೇಗೆ ತಟ್ಟುತ್ತದೆ ಎಂದು ಒಮ್ಮೆ ಕಂಡಿದ್ದೇನೆ. ದಾನಿಯೊಬ್ಬರ ಕಾಗದಪತ್ರ ತಡವಾಗಿ ಎರಡು ತಿಂಗಳ ಸ್ಟೈಪೆಂಡ್ ನಿಂತಿತು. ಕಚೇರಿಯಲ್ಲಿ ಅದು ಒಂದು ಇಮೇಲ್ ವ್ಯವಹಾರ. ಪೇಯಿಂಗ್ ಗೆಸ್ಟ್ ಕೋಣೆಯಲ್ಲಿದ್ದ ಒಬ್ಬ ಟ್ರಾನ್ಸ್ ಹುಡುಗನಿಗೆ ಅದರ ಅರ್ಥವೇ ಬೇರೆ: ಬಾಡಿಗೆ ಕಟ್ಟಲಾಗದೆ, ಯಾವ ಮನೆಯನ್ನು ಬಿಟ್ಟು ಬಂದಿದ್ದನೋ ಅದೇ ಮನೆಗೆ ಮರಳಿದ. ಅಲ್ಲಿ ಅವನನ್ನು ಮತ್ತೆ ಹಳೆಯ ಹೆಸರಿನಲ್ಲಿ ಕರೆದರು. ಹಾಗಾಗಿ ಈಗ ನಾನು ಯಾವ ಕಾರ್ಯಕ್ರಮದ ಬಜೆಟ್ ನೋಡಿದರೂ ಮೊದಲು ಹುಡುಕುವುದು ಮೂರು ತಿಂಗಳ ಸ್ಟೈಪೆಂಡ್ ಪ್ರತ್ಯೇಕವಾಗಿ ಇಟ್ಟಿದ್ದಾರೆಯೇ ಎಂದು. ತಿಂಗಳ ಒಂದನೇ ತಾರೀಖಿಗೆ ಖಾತೆಗೆ ಹಣ ಬೀಳುವುದು ಈ ಚಳವಳಿಯ ಅತಿ ಮುಖ್ಯ ಕೆಲಸಗಳಲ್ಲಿ ಒಂದು ಎಂದು ನಾನು ನಂಬುತ್ತೇನೆ.

ದಣಿವು, ಜಗಳ, ದೂರು

ಇತರರ ನೋವು ದಿನವೂ ಕೇಳುವವರು ತಾವೂ ಕುಸಿಯುತ್ತಾರೆ. ಒಳ್ಳೆಯ ಕಾರ್ಯಕ್ರಮ ಆಪ್ತಸಮಾಲೋಚಕರ ಶುಲ್ಕವನ್ನು ಬಜೆಟ್ಟಿನಲ್ಲೇ ಬರೆದಿಡುತ್ತದೆ, ವಾರಕ್ಕೊಂದು ದಿನ ಫೋನು ಆರಿಸಲು ಬಿಡುತ್ತದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಮನೆಯವರಿಗೂ ಒಂದು ಮಾತು: ಮಗುವಿನ ಒಲವನ್ನು "ಸರಿಮಾಡುತ್ತೇನೆ" ಎಂದು ಹೇಳುವ ವೈದ್ಯರ ಬಳಿ ಹೋಗಬೇಡಿ. ಇದು ಕಾಯಿಲೆಯಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲೇ ಹೇಳಿದೆ. ಹಾಗೆ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ.

ತಂಡದೊಳಗೂ ತಪ್ಪು ನಡೆಯುತ್ತದೆ. ಜಾತಿಯ ಮಾತು ಬರುತ್ತದೆ, ಇಂಗ್ಲಿಷ್ ಬಲ್ಲವರ ದರ್ಪ ಬರುತ್ತದೆ, ಮಾರ್ಗದರ್ಶಕರೇ ಮಿತಿ ಮೀರಬಹುದು. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ದೂರು ಕೊಡಲು ಅವಕಾಶವಿರುವುದು ಮಹಿಳೆಯರಿಗೆ. ಆದ್ದರಿಂದ ಎಲ್ಲ ಲಿಂಗದವರೂ ದೂರು ಕೊಡಬಹುದಾದ ನಿಯಮವನ್ನು ಸಂಸ್ಥೆ ತಾನಾಗಿ ಬರೆದುಕೊಳ್ಳಬೇಕು, ದೂರು ಕೇಳುವ ಸಮಿತಿಯಲ್ಲಿ ಹೊರಗಿನವರಿರಬೇಕು, ದೂರು ಕೊಟ್ಟವರ ಸ್ಟೈಪೆಂಡ್ ನಿಲ್ಲಬಾರದು.

ವರ್ಷ ಕಳೆದ ಮೇಲೆ

ದಾನಿಗಳು ಎಷ್ಟು ಸಭೆ, ಎಷ್ಟು ಜನ ಎಂದು ಕೇಳುತ್ತಾರೆ. ಆ ಸಂಖ್ಯೆ ಬರೆಯುವುದು ಸುಲಭ. ನಾನು ನೋಡುವುದು ಬೇರೆ: ಫೆಲೋ ಒಂದು ವಾರ ಜ್ವರದಲ್ಲಿ ಮಲಗಿದರೆ ಸಭೆ ನಡೆಯುತ್ತದೆಯೇ? ನಡೆದರೆ ಸಂಘಟನೆ ಆಗಿದೆ. ಫೆಲೋಗಳಲ್ಲಿ ಕೆಲವರು ಇದೇ ಕ್ಷೇತ್ರದಲ್ಲಿ ಕೆಲಸ ಹಿಡಿಯುತ್ತಾರೆ, ಕೆಲವರು ಕಾನೂನು ಓದುತ್ತಾರೆ, ಎಷ್ಟೋ ಜನ ಹಳೆಯ ಉದ್ಯೋಗಕ್ಕೇ ಮರಳಿ ಸಂಜೆ ತಮ್ಮ ಗುಂಪಿನ ಜತೆ ಇರುತ್ತಾರೆ. ಕಾರ್ಯಕ್ರಮದ ಕೊನೆಯ ಮೂರು ತಿಂಗಳು ಮುಂದಿನ ದಾರಿ ಹುಡುಕಲು ಮೀಸಲಿಡಬೇಕು. ಅನುಭವಪತ್ರ ಬೇಕು, ಅದರಲ್ಲಿ ಎಲ್‌ಜಿಬಿಟಿಕ್ಯೂ ಎಂಬ ಪದ ಇರಬೇಕೋ ಬೇಡವೋ ಎಂದು ಫೆಲೋನನ್ನೇ ಕೇಳಬೇಕು.

ಇಷ್ಟು ಹೇಳುವಷ್ಟರಲ್ಲಿ ಡೊಂಬಿವಲಿಯ ಆ ಮನೆಯಲ್ಲಿ ಎರಡನೇ ಸುತ್ತಿನ ಕಾಫಿ ಆಗಿತ್ತು. ಯಜಮಾನರು ಎಫ್‌ಸಿಆರ್‌ಎ ವಿಷಯವನ್ನು ಮತ್ತೊಮ್ಮೆ ಕೇಳಿ ತಿಳಿದುಕೊಂಡರು. ಅಮ್ಮನ ಪ್ರಶ್ನೆ ಮಾತ್ರ ಬೇರೆ ಇತ್ತು. "ಮೀಟಿಂಗ್ ದಾದರಿನಲ್ಲಿ ಅಂತೆ. ಮುಗಿಸಿ ಇವಳು ಮನೆಗೆ ಬರುವಾಗ ಎಷ್ಟು ಗಂಟೆ ಆಗ್ತದೆ?"

ಪತ್ರದ ಮೂರನೇ ಪುಟ ತೆರೆದು ತೋರಿಸಿದೆ. ಸಂಜೆಯ ಸಭೆಗಳು ಎಂಟೂವರೆಗೆ ಮುಗಿಯಬೇಕು, ತಡವಾದರೆ ಮನೆಯ ಬಾಗಿಲವರೆಗಿನ ಟ್ಯಾಕ್ಸಿ ಖರ್ಚು ಕಾರ್ಯಕ್ರಮದ್ದು ಎಂದಿತ್ತು. ಕನ್ನಡಕ ಹಾಕಿಕೊಂಡು ಅವರು ಅದನ್ನು ಎರಡು ಸಲ ಓದಿದರು. ಆಮೇಲೆ ಮಗಳ ಕೈಯಿಂದ ಪೆನ್ನು ತೆಗೆದುಕೊಂಡು, ಪತ್ರದ ಹಿಂಬದಿಯಲ್ಲಿ ನನ್ನ ಫೋನ್ ನಂಬರು ಬರೆದುಕೊಂಡರು.